ಸುಂಕವಿಲ್ಲದ ವಾಹನ: ಬಾಂಗ್ಲಾದೇಶದ ಸಂಸದರ ಒಂದು ಸವಲತ್ತಿನ ಇತಿಹಾಸ

ಬಾಂಗ್ಲಾದೇಶದ ಸಂಸತ್ ಸದಸ್ಯರು ತಮ್ಮ ಬಳಕೆಗೆಂದು ವಿದೇಶದಿಂದ ಒಂದು ವಾಹನವನ್ನು ಆಮದು ತೆರಿಗೆ ಕಟ್ಟದೆ ತರಿಸಿಕೊಳ್ಳಬಹುದೆಂಬ ಸವಲತ್ತು 1987ರಲ್ಲಿ ಹುಟ್ಟಿತು. ಸಂಸತ್ತೇ ಇಲ್ಲದಿದ್ದ ಎರಡು ವರ್ಷಗಳ ಕಾಲ ನಿಂತು, ಮರಳಿ ಚಿಗುರಿ, 2024ರ ಆಗಸ್ಟ್‌ನಲ್ಲಿ ಹನ್ನೆರಡನೆಯ ಸಂಸತ್ತು ವಿಸರ್ಜನೆಯಾಗುವವರೆಗೂ ಅದು ಬಳಕೆಯಲ್ಲಿತ್ತು. ಜನಪ್ರತಿನಿಧಿಗಳ ಸಂಬಳ ಸಾರಿಗೆಯ ಪಟ್ಟಿಯಲ್ಲಿ ಇದೊಂದು ಸಣ್ಣ ಬಾಬತ್ತಿನಂತೆ ಕಾಣುವುದು ಸಹಜ. ಆದರೆ ವಾಹನದ ಬೆಲೆಗಿಂತ ಅದರ ಮೇಲಿನ ತೆರಿಗೆಯೇ ಹಲವು ಪಟ್ಟು ಹೆಚ್ಚಿರುವ ದೇಶದಲ್ಲಿ, ಆ ತೆರಿಗೆಯನ್ನು ನಿಗದಿ ಮಾಡುವ ಸಭೆಯ ಸದಸ್ಯರೇ ಅದರಿಂದ ಹೊರಗುಳಿದದ್ದು ಎಂಥ ಫಲ ಕೊಟ್ಟಿತೆಂಬುದನ್ನು ಪರಿಶೀಲಿಸಿದರೆ, ಈ ಸವಲತ್ತಿನ ಚರಿತ್ರೆ ಆ ದೇಶದ ಸಂಸದೀಯ ಚರಿತ್ರೆಯ ಒಂದು ಮುಖ್ಯ ಭಾಗವೇ ಆಗಿದೆಯೆಂದು ತಿಳಿಯುತ್ತದೆ.

ಸುಂಕದ ವಿನಾಯಿತಿ ಎಂಬುದು ಎರಡು ಬಗೆಯದು. ಔಷಧ, ಬಿತ್ತನೆ ಬೀಜ, ಕಾರ್ಖಾನೆಯ ಯಂತ್ರ ಮುಂತಾದ ವಸ್ತುಗಳಿಗೆ, ಅವನ್ನು ಯಾರೇ ತರಿಸಿಕೊಳ್ಳಲಿ, ಸಿಗುವ ವಿನಾಯಿತಿ ಒಂದು ಬಗೆ. ವಸ್ತು ಯಾವುದೇ ಇರಲಿ, ತರಿಸಿಕೊಳ್ಳುವ ವ್ಯಕ್ತಿಯ ಸ್ಥಾನವನ್ನು ನೋಡಿ ಕೊಡುವ ವಿನಾಯಿತಿ ಇನ್ನೊಂದು ಬಗೆ. ಎರಡನೆಯದರ ಪ್ರಸಿದ್ಧ ಉದಾಹರಣೆಯೆಂದರೆ ರಾಜತಾಂತ್ರಿಕರಿಗೆ ಸಲ್ಲುವ ವಿನಾಯಿತಿ. 1961ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯು ರಾಯಭಾರ ಕಚೇರಿಗಳು ಹಾಗೂ ಅಲ್ಲಿನ ರಾಜತಾಂತ್ರಿಕರು ತಮ್ಮ ಬಳಕೆಗೆ ತರಿಸುವ ಸಾಮಾನುಗಳನ್ನು ಸುಂಕದಿಂದ ಬಿಡುಗಡೆ ಮಾಡಿದೆ. ಒಂದು ಸಾರ್ವಭೌಮ ರಾಷ್ಟ್ರವು ಇನ್ನೊಂದು ಸಾರ್ವಭೌಮ ರಾಷ್ಟ್ರದ ಪ್ರತಿನಿಧಿಗೆ ತೆರಿಗೆ ಹಾಕುವುದು ಯುಕ್ತವಲ್ಲವೆಂಬ ಭಾವನೆ ಅದರ ಹಿಂದಿದೆ. ಅಲ್ಲದೆ ಪ್ರತಿಯೊಂದು ದೇಶವೂ ತನ್ನ ರಾಯಭಾರಿಗಳಿಗೆ ಹೊರಗೆ ಪಡೆದದ್ದನ್ನು ಪರರ ರಾಯಭಾರಿಗಳಿಗೆ ಒಳಗೆ ಕೊಡುತ್ತದೆ. ಸ್ವದೇಶದ ಜನಪ್ರತಿನಿಧಿಗೆ ಈ ಎರಡು ಸಮರ್ಥನೆಗಳಲ್ಲಿ ಯಾವುದೂ ಅನ್ವಯಿಸುವುದಿಲ್ಲ, ಏಕೆಂದರೆ ಅವನು ತೆರಿಗೆ ತೆರುವ ಪ್ರಜೆಗಳಲ್ಲಿಯೇ ಒಬ್ಬನು, ಅವರ ಪರವಾಗಿಯೇ ಸಭೆಯಲ್ಲಿ ಕೂರುವವನು.

1971ರಲ್ಲಿ ಸ್ವತಂತ್ರವಾದ ಬಾಂಗ್ಲಾದೇಶವು 1972ರ ಡಿಸೆಂಬರ್ 16ರಂದು ಜಾರಿಗೆ ತಂದ ಸಂವಿಧಾನದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ವಿಧಿಗಳಿವೆ. ಸಂಸತ್ತಿನ ಶಾಸನದ ಬಲವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು 83ನೆಯ ವಿಧಿ ಸಾರುತ್ತದೆ. ಸದಸ್ಯರ ಸಂಭಾವನೆ ಮತ್ತು ಸವಲತ್ತುಗಳನ್ನು ಸಂಸತ್ತಿನ ಶಾಸನವು, ಅದು ಬರುವವರೆಗೆ ರಾಷ್ಟ್ರಪತಿಯ ಆದೇಶವು ನಿರ್ಧರಿಸಬೇಕೆಂದು 68ನೆಯ ವಿಧಿ ಹೇಳುತ್ತದೆ. ಈ 68ನೆಯ ವಿಧಿಯ ಬಲದ ಮೇಲೆ ಬಂದದ್ದೇ 1973ರ ಸಂಸತ್ ಸದಸ್ಯರ ಸಂಭಾವನೆ ಮತ್ತು ಭತ್ಯೆಗಳ ಆದೇಶ, ಅಂದರೆ ಆ ವರ್ಷದ 28ನೆಯ ರಾಷ್ಟ್ರಪತಿ ಆದೇಶ. ವಿಮೋಚನಾ ಯುದ್ಧದಿಂದ ರಸ್ತೆ ಸೇತುವೆಗಳು ನೆಲಸಮವಾಗಿ, ಅನ್ನಕ್ಕೂ ಹೊರದೇಶಗಳ ನೆರವನ್ನು ನೆಚ್ಚಿಕೊಂಡಿದ್ದ ಆ ವರ್ಷಗಳಲ್ಲಿ ಸಂಬಳ, ಪ್ರಯಾಣ ಭತ್ಯೆ, ದಿನಭತ್ಯೆಗಳೇ ಈ ಆದೇಶದ ತಿರುಳಾಗಿದ್ದವು; ವಿದೇಶಿ ವಾಹನದ ಮಾತು ಸೇರಿದ್ದು ಬಹಳ ತಡವಾಗಿ.

ಅದನ್ನು ಸೇರಿಸಿದ್ದು ಸೇನಾಧಿಪತಿ ಹುಸೇನ್ ಮುಹಮ್ಮದ್ ಎರ್ಷಾದರ ಆಳ್ವಿಕೆ. 1982ರ ಮಾರ್ಚ್‌ನಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದ ಎರ್ಷಾದರು ತಮ್ಮ ಆಡಳಿತಕ್ಕೆ ಚುನಾವಣೆಯ ಮುದ್ರೆ ಬೇಕೆಂದು 1986ರ ಮೇ ತಿಂಗಳಲ್ಲಿ ಮೂರನೆಯ ಸಂಸತ್ತನ್ನು ರಚಿಸಿದರು. ಬಾಂಗ್ಲಾದೇಶ ನ್ಯಾಷನಲಿಸ್ಟ್ ಪಾರ್ಟಿ, ಅಂದರೆ ಬಿಎನ್‌ಪಿ, ಆ ಚುನಾವಣೆಯನ್ನು ಬಹಿಷ್ಕರಿಸಿತು. ಅವಾಮಿ ಲೀಗ್ ವಿರೋಧ ಪಕ್ಷವಾಗಿ ಒಳಗೆ ಕೂತಿತು. ನೈತಿಕ ಬಲ ಕಡಿಮೆಯಿದ್ದ ಈ ಸಭೆಯ ಕಾಲದಲ್ಲಿ, 1987ರಲ್ಲಿ, ಸದಸ್ಯರಿಗೆ ಸುಂಕವಿಲ್ಲದ ವಾಹನದ ಸವಲತ್ತು ದೊರೆಯಿತು. ನದಿಗಳು ಸೀಳಿದ, ಮಳೆಗಾಲದಲ್ಲಿ ಅರ್ಧ ನೀರಿನಡಿ ಹೋಗುವ ಕ್ಷೇತ್ರಗಳನ್ನು ಸುತ್ತಲು ಸದಸ್ಯರಿಗೆ ಗಟ್ಟಿಮುಟ್ಟಾದ ಜೀಪು ಬೇಕೆಂಬ ಸಮರ್ಥನೆ ಸುಳ್ಳಾಗಿರಲಿಲ್ಲ. ಆದರೆ ಕ್ಷೇತ್ರ ಸುತ್ತುವ ಅಗತ್ಯವನ್ನು ಭತ್ಯೆಯಿಂದಲೋ ಸಾಲದಿಂದಲೋ ಪೂರೈಸಬಹುದಾಗಿದ್ದಾಗ ತೆರಿಗೆಯ ಮನ್ನಾವನ್ನೇ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಭತ್ಯೆ ಬಜೆಟ್ಟಿನಲ್ಲಿ ಖರ್ಚಾಗಿ ಕಾಣಿಸುತ್ತದೆ, ಅದರ ಮೇಲೆ ಚರ್ಚೆಯಾಗುತ್ತದೆ. ಬಾರದೆ ಹೋದ ತೆರಿಗೆ ಯಾವ ಲೆಕ್ಕದ ಪುಸ್ತಕದಲ್ಲೂ ಸಾಲಾಗಿ ಮೂಡುವುದಿಲ್ಲ. ಜನರ ಒಪ್ಪಿಗೆ ಪೂರ್ತಿ ಇಲ್ಲದ ಆಡಳಿತಕ್ಕೆ, ಪಕ್ಷಭೇದವಿಲ್ಲದೆ ಎಲ್ಲ ಸದಸ್ಯರಿಗೂ ಸಲ್ಲುವ, ಖಜಾನೆಯಿಂದ ನೇರವಾಗಿ ಒಂದು ಕಾಸೂ ಹೊರಡದ ಇಂಥ ಉಡುಗೊರೆ ಎಲ್ಲಕ್ಕಿಂತ ಅನುಕೂಲವಾದದ್ದು.

ಈ ಸವಲತ್ತು 1973ರ ಆದೇಶದಲ್ಲಿ 3ಸಿ ಎಂಬ ವಿಧಿಯಾಗಿ ನೆಲೆಗೊಂಡಿತು. ಸದಸ್ಯನು ತನ್ನ ಅವಧಿಯಲ್ಲಿ ಒಂದು ಕಾರು, ಜೀಪು ಅಥವಾ ಮೈಕ್ರೋಬಸ್ಸನ್ನು, ಅಂದರೆ ಹತ್ತು ಹನ್ನೆರಡು ಮಂದಿ ಕೂರುವ ವ್ಯಾನನ್ನು, ಕಸ್ಟಮ್ಸ್ ಸುಂಕ, ಮಾರಾಟ ತೆರಿಗೆ ಅಥವಾ ಅದರ ಜಾಗಕ್ಕೆ ಬಂದ ಮೌಲ್ಯವರ್ಧಿತ ತೆರಿಗೆ, ಅಭಿವೃದ್ಧಿ ಮೇಲ್ತೆರಿಗೆ, ಆಮದು ಪರವಾನಗಿಯ ಶುಲ್ಕ ಇವು ಯಾವುದನ್ನೂ ಕಟ್ಟದೆ ತರಿಸಬಹುದು. ಹಾಗೆ ತಂದ ದಿನದಿಂದ ಐದು ವರ್ಷ ಕಳೆದ ಮೇಲೆ ಇನ್ನೊಂದನ್ನು ತರಿಸಬಹುದು. ಸಂಸತ್ತಿನ ಅವಧಿಯೂ ಐದು ವರ್ಷವೇ ಆಗಿರುವುದರಿಂದ, ಮರುಆಯ್ಕೆಯಾದ ಸದಸ್ಯನಿಗೆ ಪ್ರತಿ ಅವಧಿಗೂ ಹೊಸ ವಾಹನ ಖಚಿತವಾಯಿತು. ವಾಹನ ಹೇಗಿರಬೇಕು, ಅದನ್ನು ಎಷ್ಟು ಕಾಲ ಕೈಬದಲಾಯಿಸಬಾರದು ಎಂಬ ಷರತ್ತುಗಳನ್ನು ಗೊತ್ತುಪಡಿಸುವ ಕೆಲಸ ಸರ್ಕಾರದ ಪಾಲಿಗೆ ಉಳಿಯಿತು. ಪಾಕಿಸ್ತಾನದ ಕಾಲದಿಂದ ಉಳಿದುಬಂದಿದ್ದ 1969ರ ಕಸ್ಟಮ್ಸ್ ಕಾಯ್ದೆಯ 19ನೆಯ ಸೆಕ್ಷನ್ನು ಸರ್ಕಾರಕ್ಕೆ ಸುಂಕ ಮನ್ನಾ ಮಾಡುವ ಅಧಿಕಾರ ಕೊಟ್ಟಿತ್ತು. ಇಂಥ ಮನ್ನಾಗಳು ಎಸ್‌ಆರ್‌ಒ ಎಂದು ಕರೆಯಲಾಗುವ ಅಧಿಸೂಚನೆಗಳ ಮೂಲಕ ಹೊರಬೀಳುತ್ತಿದ್ದವು. ಅಧಿಸೂಚನೆಯನ್ನು ಸಚಿವಾಲಯದ ಮೇಜಿನ ಮೇಲೆಯೇ ಸಡಿಲಿಸಲು, ಬಿಗಿಗೊಳಿಸಲು ಬರುವುದರಿಂದ ಷರತ್ತುಗಳು ಕಾಲಕಾಲಕ್ಕೆ ಬದಲಾದವು, ಸವಲತ್ತಿನ ಬುಡ ಮಾತ್ರ ಅಲುಗಲಿಲ್ಲ.

1990ರ ಡಿಸೆಂಬರ್‌ನಲ್ಲಿ ಎರ್ಷಾದರ ಆಳ್ವಿಕೆ ಜನಾಂದೋಲನದ ಎದುರು ಕುಸಿಯಿತು. 1991ರ ಚುನಾವಣೆ ಮತ್ತು ಸಂವಿಧಾನದ ಹನ್ನೆರಡನೆಯ ತಿದ್ದುಪಡಿ ಸಂಸದೀಯ ಪದ್ಧತಿಯನ್ನು ಮರಳಿ ತಂದವು. ಅಲ್ಲಿಂದ ಮುಂದೆ ಬಿಎನ್‌ಪಿ ಮತ್ತು ಅವಾಮಿ ಲೀಗ್ ಪರ್ಯಾಯವಾಗಿ ಅಧಿಕಾರಕ್ಕೆ ಬಂದವು. ವಿರೋಧದಲ್ಲಿದ್ದ ಪಕ್ಷ ತಿಂಗಳುಗಟ್ಟಲೆ ಸಭೆಯನ್ನು ಬಹಿಷ್ಕರಿಸುವುದು ರೂಢಿಯಾಯಿತು. ಒಬ್ಬರ ಶಾಸನವನ್ನು ಇನ್ನೊಬ್ಬರು ಅಳಿಸಿದರು. ಸೇನಾಡಳಿತದ ಎಷ್ಟೋ ಕುರುಹುಗಳನ್ನು ಈ ಎರಡೂ ಪಕ್ಷಗಳು ಖಂಡಿಸಿದವು. ಆದರೆ ಅದೇ ಆಡಳಿತ ಕೊಟ್ಟ ವಾಹನದ ಸವಲತ್ತನ್ನು ಎರಡೂ ಉಳಿಸಿಕೊಂಡವು, ಸಭೆಗೆ ಬಾರದ ಸದಸ್ಯರೂ ಅದನ್ನು ಬಳಸಿಕೊಂಡರು. ಪ್ರಜಾಪ್ರಭುತ್ವದ ಮರುಸ್ಥಾಪನೆಯ ಆ ಹೊತ್ತಿನಲ್ಲಿ ಈ ಒಂದು ವಿಧಿಯನ್ನು ಕೈಬಿಡುವುದು ಅತ್ಯಂತ ಸುಲಭವಾಗಿತ್ತು, ಆಗ ಅದರಿಂದ ಯಾರ ಗೌರವಕ್ಕೂ ಕುಂದು ಬರುತ್ತಿರಲಿಲ್ಲ. ಆ ಅವಕಾಶ ತಪ್ಪಿಹೋದದ್ದು ಈ ಇತಿಹಾಸದ ದೊಡ್ಡ ನಷ್ಟವೆಂದೇ ಹೇಳಬೇಕು.

ಇದೇ ವರ್ಷಗಳಲ್ಲಿ ಸವಲತ್ತಿನ ಬೆಲೆ ಬೇರೊಂದು ಕಾರಣದಿಂದ ಏರತೊಡಗಿತು. ಬಾಂಗ್ಲಾದೇಶದಲ್ಲಿ ಹೇಳಿಕೊಳ್ಳುವಂಥ ಕಾರು ತಯಾರಿಕೆ ಇಲ್ಲ. ಚಟ್ಟೋಗ್ರಾಮದ ಬಳಿ ಸರ್ಕಾರಿ ಒಡೆತನದ ಪ್ರಗತಿ ಇಂಡಸ್ಟ್ರೀಸ್ ಎಂಬ ಜೋಡಣೆಯ ಕಾರ್ಖಾನೆ ಇದೆಯಾದರೂ ಅದರ ಮುಖ್ಯ ಗಿರಾಕಿ ಸರ್ಕಾರವೇ. ಜನ ಕೊಳ್ಳುವ ಕಾರುಗಳಲ್ಲಿ ಬಹುಪಾಲು ಜಪಾನಿನಲ್ಲಿ ಕೆಲವು ವರ್ಷ ಓಡಿ, ದುರಸ್ತಿಯಾಗಿ ಚಟ್ಟೋಗ್ರಾಮ ಅಥವಾ ಮೊಂಗ್ಲಾ ಬಂದರಿನಲ್ಲಿ ಇಳಿಯುವ ರೀಕಂಡೀಷನ್ಡ್ ಕಾರುಗಳು. ವಿದೇಶಿ ವಿನಿಮಯ ಉಳಿಸಲು, ಢಾಕಾದ ರಸ್ತೆಗಳ ಮೇಲಿನ ಒತ್ತಡ ತಗ್ಗಿಸಲು, ಎಲ್ಲಕ್ಕಿಂತ ಮಿಗಿಲಾಗಿ ಬೊಕ್ಕಸ ತುಂಬಲು ಸರ್ಕಾರಗಳು ಕಾರಿನ ಮೇಲೆ ತೆರಿಗೆಯನ್ನು ಪದರ ಪದರವಾಗಿ ಹೇರಿದವು. ಬಂದರಿಗೆ ಬಂದ ವಾಹನದ ಮೌಲ್ಯದ ಮೇಲೆ ಮೊದಲು ಕಸ್ಟಮ್ಸ್ ಸುಂಕ ಬೀಳುತ್ತದೆ; ಆ ಒಟ್ಟು ಮೊತ್ತದ ಮೇಲೆ ಪೂರಕ ಸುಂಕ, ಅಂದರೆ ಐಷಾರಾಮಿ ಸರಕುಗಳ ಬಳಕೆಗೆ ಕಡಿವಾಣ ಹಾಕಲು ವಿಧಿಸುವ ಹೆಚ್ಚುವರಿ ಸುಂಕ ಬೀಳುತ್ತದೆ; ಇವೆಲ್ಲವನ್ನೂ ಕೂಡಿಸಿದ ಮೊತ್ತದ ಮೇಲೆ, 1991ರಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆ ಬೀಳುತ್ತದೆ; ಮುಂಗಡ ಆದಾಯ ತೆರಿಗೆಯಂಥವು ಬೇರೆ. ತೆರಿಗೆಯ ಮೇಲೆ ತೆರಿಗೆ ಕೂಡುವ ಈ ಕ್ರಮದಿಂದ ಚಿಕ್ಕ ಎಂಜಿನ್ನಿನ ಕಾರಿನ ಮೇಲಿನ ಹೊರೆಯೇ ಅದರ ಮೂಲ ಬೆಲೆಯನ್ನು ಮೀರುತ್ತದೆ. ಪೂರಕ ಸುಂಕದ ದರ ಎಂಜಿನ್ನಿನ ಗಾತ್ರದೊಂದಿಗೆ ಮೆಟ್ಟಿಲೇರುವುದರಿಂದ, 4,000 ಸಿಸಿ ಮೀರಿದ ವಾಹನಗಳ ಒಟ್ಟು ಹೊರೆ ಇತ್ತೀಚಿನ ವರ್ಷಗಳಲ್ಲಿ 800 ಪ್ರತಿಶತವನ್ನು ದಾಟಿತು. ಅಂದರೆ ಬಂದರಿನಲ್ಲಿ 1 ಕೋಟಿ ಟಾಕಾ ಬೆಲೆಬಾಳುವ ಅಂಥ ವಾಹನಕ್ಕೆ ಸಾಮಾನ್ಯ ಪ್ರಜೆ 8 ಕೋಟಿಗೂ ಮಿಕ್ಕಿ ತೆರಿಗೆ ಕಟ್ಟಬೇಕು.

ಸವಲತ್ತಿನ ಸ್ವರೂಪ ಬದಲಾದದ್ದು ಇಲ್ಲಿಯೇ. ಕಾಗದದ ಮೇಲೆ ಅದು 1987ರಲ್ಲಿದ್ದಂತೆ ಒಂದೇ ವಾಹನದ ಹಕ್ಕಾಗಿತ್ತು, ಆದರೆ ಪ್ರತಿ ಬಜೆಟ್ಟಿನಲ್ಲಿ ಕಾರಿನ ತೆರಿಗೆ ಏರಿದಾಗಲೆಲ್ಲ ಆ ಹಕ್ಕಿನ ಹಣದ ಮೌಲ್ಯವೂ ತಾನಾಗಿ ಏರಿತು. ತೆರಿಗೆ ಹೆಚ್ಚಿಸುವ ಮಸೂದೆಗೆ ಮತ ಹಾಕುವವರಿಗೆ ಆ ಹೆಚ್ಚಳದ ನೋವು ತಟ್ಟದಿದ್ದುದು ಮಾತ್ರವಲ್ಲ, ಅದರಿಂದ ಅವರ ಕೈಯಲ್ಲಿದ್ದ ಸ್ವತ್ತಿನ ಬೆಲೆಯೇ ಬೆಳೆಯಿತು. ಎಂಜಿನ್ ದೊಡ್ಡದಾದಷ್ಟೂ ಉಳಿಯುವ ತೆರಿಗೆ ಹೆಚ್ಚಾದ್ದರಿಂದ ಸದಸ್ಯರ ಆಯ್ಕೆ ಸಹಜವಾಗಿಯೇ ಅತಿ ದುಬಾರಿ ವಾಹನಗಳ ಕಡೆಗೆ ವಾಲಿತು. ಹಳ್ಳಿಯ ಕೆಸರುದಾರಿಗೆ ಸಾಧಾರಣ ಜೀಪೊಂದು ಸಾಕಾಗುತ್ತಿತ್ತು, ಆದರೆ ಅದರ ಮೇಲೆ ಉಳಿಯುವ ಹಣ ಕಡಿಮೆ. 83ನೆಯ ವಿಧಿ ಸಂಸತ್ತಿಗೆ ಒಪ್ಪಿಸಿದ ತೆರಿಗೆಯ ಅಧಿಕಾರದ ಹಿಂದೆ, ತೆರಿಗೆ ವಿಧಿಸುವವರು ತೆರುವವರೂ ಆಗಿರುತ್ತಾರೆ, ಆದ್ದರಿಂದ ಮಿತಿ ಮೀರಲಾರರು ಎಂಬ ನಂಬಿಕೆ ಅಡಗಿದೆ. ವಾಹನ ತೆರಿಗೆಯ ಮಟ್ಟಿಗೆ 3ಸಿ ವಿಧಿ ಆ ನಂಬಿಕೆಯನ್ನು ಮುರಿಯಿತು.

ಇಷ್ಟು ಬೆಲೆಯ ಹಕ್ಕು ಮಾರುಕಟ್ಟೆಯ ಕಣ್ಣಿಗೆ ಬೀಳದೆ ಇರಲಿಲ್ಲ. 2001ರಿಂದ 2006ರವರೆಗಿನ ಎಂಟನೆಯ ಸಂಸತ್ತಿನ ಅವಧಿಯಲ್ಲಿ ಸುಂಕವಿಲ್ಲದೆ ಬಂದ ದುಬಾರಿ ವಾಹನಗಳು ಸದಸ್ಯರ ಹೆಸರಿನಲ್ಲಿ ನೋಂದಣಿಯಾಗಿ, ಹಣ ಹೂಡಿದ ವ್ಯಾಪಾರಿಗಳ ಕೈ ಸೇರಿದವೆಂಬ ಆರೋಪ ವ್ಯಾಪಕವಾಯಿತು. ಇಂಥ ವ್ಯವಹಾರದಲ್ಲಿ ಸದಸ್ಯನು ಕೊಡುವುದು ತನ್ನ ಹೆಸರನ್ನು ಮಾತ್ರ. ಬ್ಯಾಂಕಿನಲ್ಲಿ ಲೆಟರ್ ಆಫ್ ಕ್ರೆಡಿಟ್ ತೆರೆಯಲು, ಅಂದರೆ ವಿದೇಶಿ ಮಾರಾಟಗಾರನಿಗೆ ಹಣ ಸಂದಾಯವಾಗುವ ಭರವಸೆಯ ಪತ್ರ ಪಡೆಯಲು ಬೇಕಾದ ಹಣ ಮತ್ತೊಬ್ಬನದು. ಉಳಿದ ತೆರಿಗೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಷರತ್ತಿನ ಅವಧಿ ಮುಗಿಯುವವರೆಗೆ ಕಾಗದದಲ್ಲಿ ಒಡೆತನ ಬದಲಾಗದಿದ್ದರೆ ತಪ್ಪು ಹಿಡಿಯುವುದು ಕಷ್ಟ.

2007ರ ಜನವರಿ 11ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿ, ಸೇನೆಯ ಬೆಂಬಲವಿದ್ದ ಉಸ್ತುವಾರಿ ಸರ್ಕಾರ ಅಧಿಕಾರಕ್ಕೆ ಬಂದು ಭ್ರಷ್ಟಾಚಾರದ ವಿರುದ್ಧ ದಾಳಿ ಆರಂಭಿಸಿದಾಗ ಈ ವ್ಯವಹಾರ ಬೀದಿಗೆ ಬಿತ್ತು. ಆದಾಯಕ್ಕೆ ಹೊಂದದ ವಾಹನ ತಮ್ಮ ಮನೆಯಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದೀತೆಂದು ಹೆದರಿದ ಒಡೆಯರು ಐಷಾರಾಮಿ ಕಾರುಗಳನ್ನು ಢಾಕಾದ ರಸ್ತೆಗಳಲ್ಲಿ ಬಿಟ್ಟುಹೋದರು. ಸುಂಕದ ವಿನಾಯಿತಿಯನ್ನು ದುರುಪಯೋಗಪಡಿಸಿಕೊಂಡರೆಂದು ಮಾಜಿ ಸದಸ್ಯರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು. ಆದರೆ ಅವು ವ್ಯಕ್ತಿಗಳ ಅಪರಾಧವನ್ನಷ್ಟೇ ಹುಡುಕಿದವು; ಅಪರಾಧಕ್ಕೆ ಎಡೆಮಾಡಿಕೊಟ್ಟ ವಿಧಿ ತನ್ನ ಜಾಗದಲ್ಲೇ ಇತ್ತು. 2008ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದು ಒಂಬತ್ತನೆಯ ಸಂಸತ್ತು ಸೇರಿದ ಬಳಿಕ ಸವಲತ್ತು ಮತ್ತೆ ಚಾಲನೆಗೆ ಬಂತು. 2011ರ ಹದಿನೈದನೆಯ ತಿದ್ದುಪಡಿಯಿಂದ ಮಹಿಳೆಯರ ಮೀಸಲು ಸ್ಥಾನಗಳು 50ಕ್ಕೇರಿ ಒಟ್ಟು ಸದಸ್ಯಬಲ 350 ಆದಾಗ ಅದಕ್ಕೆ ಅರ್ಹರಾದವರ ಸಂಖ್ಯೆಯೂ ಬೆಳೆಯಿತು.

ವಾಹನದ ಅಗತ್ಯವನ್ನು ಬೇರೆ ರೀತಿಯಲ್ಲಿ ಪೂರೈಸಲು ಆ ದೇಶಕ್ಕೆ ತಿಳಿದಿರಲಿಲ್ಲವೆಂದಲ್ಲ. ಅಲ್ಲಿನ ಹಿರಿಯ ಸರ್ಕಾರಿ ಅಧಿಕಾರಿಗಳಿಗೆ ಕಾರು ಕೊಳ್ಳಲು 30 ಲಕ್ಷ ಟಾಕಾವರೆಗಿನ ಬಡ್ಡಿಯಿಲ್ಲದ ಸಾಲ ಮತ್ತು ನಿರ್ವಹಣೆಗೆ ತಿಂಗಳಿಗೆ 50,000 ಟಾಕಾ ಕೊಡುವ ಪದ್ಧತಿ ಇದೆ. ಅದೂ ಉದಾರವೇ, ಆದರೆ ಅದರ ಮೊತ್ತ ಎಲ್ಲರಿಗೂ ಗೊತ್ತು, ಬಜೆಟ್ಟಿನಲ್ಲಿ ಅದಕ್ಕೊಂದು ಸಾಲುಂಟು. ಭಾರತದಲ್ಲಿಯೂ ಸಂಸದರಿಗೆ 1954ರ ಸಂಬಳ ಮತ್ತು ಭತ್ಯೆಗಳ ಕಾಯ್ದೆಯಡಿ ವಾಹನ ಕೊಳ್ಳಲು ಮರುಪಾವತಿಸಬೇಕಾದ ಮುಂಗಡ ಸಿಗುತ್ತದೆ. ನೆರೆಹೊರೆಯ ಇತರ ಕೆಲವು ದೇಶಗಳು ಬಾಂಗ್ಲಾದೇಶದಂಥದೇ ದಾರಿ ಹಿಡಿದವು. ನೇಪಾಳದಲ್ಲಿ 1990ರ ದಶಕದ ನಡುವೆ, ಸರ್ಕಾರಗಳು ಒಂದರ ಹಿಂದೊಂದು ಉರುಳುತ್ತಿದ್ದ ಕಾಲದಲ್ಲಿ, ಸಂಸದರಿಗೆ ಸುಂಕವಿಲ್ಲದ ವಾಹನ ಸಿಕ್ಕಿ, ಪಜೆರೊ ಎಂಬ ದುಬಾರಿ ಜೀಪಿನ ಹೆಸರಿನಿಂದ ಪಜೆರೊ ಸಂಸ್ಕೃತಿ ಎಂಬ ಮಾತೇ ರಾಜಕೀಯ ಭಾಷೆಗೆ ಸೇರಿತು. ಶ್ರೀಲಂಕಾದಲ್ಲಿ ಇದು ಇನ್ನೂ ಅಗಲವಾಗಿ ಹರಡಿ, ಸಂಸದರಿಗಷ್ಟೇ ಅಲ್ಲದೆ ಸರ್ಕಾರಿ ವೈದ್ಯರು ಮತ್ತು ಹಿರಿಯ ನೌಕರರಿಗೂ ರಿಯಾಯಿತಿ ಪರ್ಮಿಟ್ಟುಗಳು ದೊರೆತವು. 2015ರ ನವೆಂಬರ್ ಬಜೆಟ್ಟಿನಲ್ಲಿ ಅವನ್ನು ನಿಲ್ಲಿಸುವ ಪ್ರಸ್ತಾಪ ಬಂದಾಗ ವೈದ್ಯರ ಸಂಘ ಸಿಡಿದೆದ್ದು ಸರ್ಕಾರ ಹಿಂದೆ ಸರಿಯಿತು. ಬಹುಜನರಿಗೆ ಹಂಚಿದ ರಿಯಾಯಿತಿಯನ್ನು ಕಿತ್ತುಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ. ಕೊನೆಗೆ 2020ರಲ್ಲಿ ವಿದೇಶಿ ವಿನಿಮಯ ಕರಗಿ ವಾಹನ ಆಮದನ್ನೇ ನಿಷೇಧಿಸಿದಾಗ ಆ ಪರ್ಮಿಟ್ಟುಗಳು ನಿರುಪಯುಕ್ತವಾದವು.

ಬಾಂಗ್ಲಾದೇಶದಲ್ಲಿ ಒತ್ತಡ ಬಂದದ್ದೂ ಹಣದ ಅಭಾವದಿಂದಲೇ. ರಾಷ್ಟ್ರೀಯ ಉತ್ಪನ್ನಕ್ಕೆ ಹೋಲಿಸಿದರೆ ಅಲ್ಲಿನ ತೆರಿಗೆ ಸಂಗ್ರಹ ಜಗತ್ತಿನಲ್ಲೇ ಅತಿ ಕಡಿಮೆ ಇರುವ ದೇಶಗಳ ಸಾಲಿನದು. 2023ರ ಜನವರಿಯಲ್ಲಿ 470 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಅಂತರರಾಷ್ಟ್ರೀಯ ಹಣಕಾಸು ನಿಧಿಯು ತೆರಿಗೆ ವಿನಾಯಿತಿಗಳನ್ನು ಕಡಿತಗೊಳಿಸಬೇಕೆಂದು ಕೇಳಿತ್ತು. 2024ರ ಜೂನ್ 6ರಂದು ಬಜೆಟ್ ಮಂಡಿಸಿದ ಹಣಕಾಸು ಸಚಿವ ಅಬುಲ್ ಹಸನ್ ಮಹಮೂದ್ ಅಲಿ ಅವರು ಸಂಸದರ ವಾಹನಗಳಿಗೂ 25 ಪ್ರತಿಶತ ಕಸ್ಟಮ್ಸ್ ಸುಂಕ ಮತ್ತು 15 ಪ್ರತಿಶತ ಮೌಲ್ಯವರ್ಧಿತ ತೆರಿಗೆ ವಿಧಿಸುವ ಪ್ರಸ್ತಾಪ ಮುಂದಿಟ್ಟರು. ಪೂರಕ ಸುಂಕದ ದೊಡ್ಡ ಹೊರೆಯನ್ನು ಮುಟ್ಟದ ಈ ಪ್ರಸ್ತಾಪ ಬಹಳ ಸೌಮ್ಯವಾದದ್ದು. ಆದರೂ ತಿಂಗಳ ಕೊನೆಯಲ್ಲಿ ಹಣಕಾಸು ಮಸೂದೆ ಅಂಗೀಕಾರವಾದಾಗ ಸಂಸದರ ವಿನಾಯಿತಿ ಯಥಾಸ್ಥಿತಿಯಲ್ಲಿ ಉಳಿಯಿತು. 37 ವರ್ಷಗಳಲ್ಲಿ ತನ್ನನ್ನು ತಾನು ತಿದ್ದಿಕೊಳ್ಳಲು ಸಂಸತ್ತಿಗೆ ದೊರೆತ ಅತ್ಯಂತ ಸ್ಪಷ್ಟವಾದ ಅವಕಾಶವನ್ನು ಅದು ತಾನೇ ತಿರಸ್ಕರಿಸಿತು.

ಆ ಬಜೆಟ್ಟಿನ ಹಿಂದಿನ ದಿನ, ಜೂನ್ 5ರಂದು, ಸರ್ಕಾರಿ ನೌಕರಿಗಳಲ್ಲಿ ವಿಮೋಚನಾ ಹೋರಾಟಗಾರರ ಕುಟುಂಬಗಳಿಗಿದ್ದ 30 ಪ್ರತಿಶತ ಮೀಸಲನ್ನು ಮರುಸ್ಥಾಪಿಸುವ ತೀರ್ಪು ಹೈಕೋರ್ಟಿನಿಂದ ಹೊರಬಿದ್ದಿತ್ತು. ಅದರ ವಿರುದ್ಧ ಎದ್ದ ವಿದ್ಯಾರ್ಥಿಗಳ ಚಳವಳಿ ಜುಲೈಯಲ್ಲಿ ರಕ್ತಪಾತಕ್ಕೆ ತಿರುಗಿತು, ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ತೊರೆದರು, ಮರುದಿನ ಸಂಸತ್ತು ವಿಸರ್ಜನೆಯಾಯಿತು. ಜನವರಿಯಲ್ಲಷ್ಟೇ ಆಯ್ಕೆಯಾಗಿದ್ದ ಸದಸ್ಯರಲ್ಲಿ ಹಲವರು ಆಗಲೇ ವಾಹನಗಳನ್ನು ತರಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಜಪಾನಿನ ಟೊಯೋಟಾ ಲ್ಯಾಂಡ್ ಕ್ರೂಸರ್‌ಗಳು. ಕೆಲವರು ಅಷ್ಟರೊಳಗೆ ಬಿಡಿಸಿಕೊಂಡಿದ್ದರು, ಉಳಿದವು ಚಟ್ಟೋಗ್ರಾಮ ಬಂದರಿನಲ್ಲಿ ನಿಂತವು. ಈಗ ಕಸ್ಟಮ್ಸ್ ಅಧಿಕಾರಿಗಳ ಮುಂದೆ ಒಂದು ಕಾನೂನಿನ ಪ್ರಶ್ನೆ ಬಂತು: ಆಮದಿನ ವ್ಯವಹಾರ ಕುದುರಿದಾಗ ಸದಸ್ಯನಾಗಿದ್ದವನು ಸರಕು ಬಿಡಿಸಿಕೊಳ್ಳುವಾಗ ಸದಸ್ಯನಲ್ಲದಿದ್ದರೆ ವಿನಾಯಿತಿ ಅವನಿಗೆ ಸಲ್ಲುತ್ತದೆಯೇ? ಹಕ್ಕು ಸ್ಥಾನಕ್ಕೆ ಅಂಟಿದ್ದು, ಸ್ಥಾನ ಹೋದ ಮೇಲೆ ಸಾಮಾನ್ಯ ದರದಲ್ಲಿಯೇ ತೆರಿಗೆ ಕಟ್ಟಬೇಕು ಎಂದು ರಾಷ್ಟ್ರೀಯ ರಾಜಸ್ವ ಮಂಡಳಿ ತೀರ್ಮಾನಿಸಿತು. ಮಾಜಿ ಸದಸ್ಯರಲ್ಲಿ ಹಲವರು ಜೈಲಿನಲ್ಲಿದ್ದರು, ಹಲವರು ತಲೆಮರೆಸಿಕೊಂಡಿದ್ದರು. ವಾಹನಗಳು ಹಾಗೆಯೇ ಉಳಿದವು.

ಬಿಡಿಸಿಕೊಳ್ಳದ ಸರಕನ್ನು ಹರಾಜಿಗಿಡುವ ನಿಯಮದಂತೆ ಚಟ್ಟೋಗ್ರಾಮದ ಕಸ್ಟಮ್ಸ್ ಹೌಸ್ 2025ರ ಆರಂಭದಲ್ಲಿ 24 ಲ್ಯಾಂಡ್ ಕ್ರೂಸರ್‌ಗಳನ್ನು ಹರಾಜಿಗೆ ತಂದಿತು. ತೆರಿಗೆಯನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ ಮೀಸಲು ಬೆಲೆ, ಅಂದರೆ ಹರಾಜಿನಲ್ಲಿ ಸರ್ಕಾರ ನಿರೀಕ್ಷಿಸುವ ದರ, ಒಂದೊಂದಕ್ಕೂ ಸುಮಾರು 9.67 ಕೋಟಿ ಟಾಕಾ ಆಗಿತ್ತು. ಬಂದ ಅತಿ ಹೆಚ್ಚಿನ ಕೂಗು ಸುಮಾರು 3.10 ಕೋಟಿ, ಕೆಲವು ವಾಹನಗಳಿಗೆ ಒಂದೆರಡು ಲಕ್ಷ ಟಾಕಾಗಳ ಕೂಗು ಬಂತು, ಕೆಲವಕ್ಕೆ ಅದೂ ಬರಲಿಲ್ಲ. ಹರಾಜುಕೋರರು ಒಳಗೊಳಗೇ ಹೊಂದಿಕೊಂಡಿರಬಹುದಾದರೂ, ಈ ಹರಾಜು ಬಯಲು ಮಾಡಿದ ಮುಖ್ಯ ಸಂಗತಿ ಬೇರೆ. ತೆರಿಗೆಯಿಲ್ಲದಾಗ ಸಂಸದರು ಸಾಲುಗಟ್ಟಿ ತರಿಸುತ್ತಿದ್ದ ವಾಹನವನ್ನು ತೆರಿಗೆ ಸೇರಿದ ಬೆಲೆಗೆ ಕೊಳ್ಳುವವರು ದೇಶದಲ್ಲಿ ಇರಲಿಲ್ಲ. ಅಷ್ಟು ವರ್ಷ ಹಂಚಿಕೆಯಾದದ್ದು ವಾಹನಕ್ಕಿಂತ ಹೆಚ್ಚಾಗಿ ಮನ್ನಾ ಆದ ತೆರಿಗೆಯೇ ಎಂಬುದು ಇದರಿಂದ ಸ್ಪಷ್ಟವಾಯಿತು.

ತಕ್ಕ ಬೆಲೆ ಬಾರದ ಕಾರಣ ಆ ವಾಹನಗಳನ್ನು ಮಾರುವ ಯತ್ನ ಕೈಬಿಡಲಾಯಿತು. 2025ರ ನವೆಂಬರ್‌ನಲ್ಲಿ ರಾಷ್ಟ್ರೀಯ ರಾಜಸ್ವ ಮಂಡಳಿಯು ಸುಮಾರು 30 ವಾಹನಗಳನ್ನು, ಸಾರ್ವಜನಿಕ ಹಿತಕ್ಕಾಗಿ ಬಳಸಲೆಂದು, ಸಾರ್ವಜನಿಕ ಆಡಳಿತ ಸಚಿವಾಲಯದ ಅಧೀನದಲ್ಲಿರುವ ಸರ್ಕಾರಿ ಸಾರಿಗೆ ವಿಭಾಗಕ್ಕೆ ಒಪ್ಪಿಸಲು ಆದೇಶ ಹೊರಡಿಸಿತು.